ಹ್ಯಾಂಗೂ ಹೊಂಟೀರಿ

ಕಲಬುರಗಿಯ ಗಾಜಿಪುರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ನಿಜಾಮರ ಕಾಲ, ಏಕೀಕರಣ, ಒಳಚರಂಡಿ ಇವುಗಳ ಜೊತೆಗೆ ಕ್ಯಾರಿಯರ್ ಪ್ರಶ್ನೆಗೂ ಒಂದು ಅಧ್ಯಾಯ ಮೀಸಲಿಡಬೇಕಾಗುತ್ತದೆ. ಪ್ರಶ್ನೆ ಇಷ್ಟೇ: ಸೂರ್ಯಕಾಂತನ ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಇರಬೇಕೋ, ಬೇಡವೋ. ಈ ಒಂದು ಪ್ರಶ್ನೆಯಿಂದ ಇಡೀ ಓಣಿ ಮೂರು ಪಂಥವಾಗಿ ಒಡೆಯಿತು. ಒಬ್ಬ ನಿವೃತ್ತ ನೌಕರರು ಒಂದು ಹೊತ್ತಿನ ಚಹಾ ಬಿಟ್ಟರು. ಸ್ವತಃ ಸೂರ್ಯಕಾಂತನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಸೂರ್ಯಕಾಂತನಿಗೆ ನಲವತ್ತೆಂಟು. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ಊಟ, ನಿದ್ದೆ, ರಕ್ತದೊತ್ತಡ ಎಲ್ಲ ಸರಿಯಾಗಿದ್ದ ಆ ಮನುಷ್ಯನಲ್ಲಿ ದೇವರು ಒಂದೇ ಒಂದು ಊನ ಇಟ್ಟಿದ್ದ: ಅವನ ಬಾಯಿಂದ 'ಇಲ್ಲ' ಎಂಬ ಶಬ್ದ ಹೊರಡುತ್ತಿರಲಿಲ್ಲ.

ಇಂಥವರಿಗೆ ನಮ್ಮ ಕಡೆ ಬದುಕು ಕಷ್ಟ. ಏಕೆಂದರೆ ಇಲ್ಲಿ ಯಾರೂ ಯಾವ ಊರಿಗೂ ಬರಿಗೈಲಿ ಹೋಗುವಂತಿಲ್ಲ. ಹೋಗುವವನ ಕೈ ಬರಿದಾಗಿದ್ದರೆ ಅದನ್ನು ತುಂಬುವುದು ಓಣಿಯ ಜವಾಬ್ದಾರಿ. 'ಹ್ಯಾಂಗೂ ಹೊಂಟೀರಿ' ಎಂದು ಶುರುವಾದ ಮಾತು 'ಇದೊಂದು ಮುಟ್ಟಿಸಿ ಬಿಡ್ರಿ' ಎಂದೇ ಮುಗಿಯುತ್ತದೆ. ಸೂರ್ಯಕಾಂತ ಬೀದರಿಗೆ ಹೆಣ್ಣು ನೋಡಲು ಹೋದಾಗ ಅವನ ತೊಡೆಯ ಮೇಲೆ ಯಾರದೋ ಹೊಲಿಗೆ ಯಂತ್ರದ ಚಕ್ರವಿತ್ತು. ಸ್ವಂತ ಅಪೆಂಡಿಕ್ಸ್ ಆಪರೇಷನ್ನಿಗೆಂದು ಸೇಡಂ ರಸ್ತೆಯ ದವಾಖಾನೆಗೆ ಹೊರಟಾಗಲೂ ಪಕ್ಕದ ವಾರ್ಡಿನ ರೋಗಿಗೆ ಗಂಜಿಯ ಡಬ್ಬಿ ಒಯ್ದು, ಕೊಟ್ಟು, ಆಮೇಲೆ ಹೋಗಿ ಮಲಗಿದ್ದ.

ಹಾಗಾಗಿಯೇ ಅವನು ಸೈಕಲ್ ಕೊಂಡದ್ದು. ಡಾಕ್ಟರು ಸಕ್ಕರೆ ಅಂಚಿನಲ್ಲಿದೆ ಎಂದರು ಅನ್ನುವುದು ಮನೆಯಲ್ಲಿ ಹೇಳಿದ ಕಾರಣ. ಒಳಗಿನ ಕಾರಣ ಬೇರೆ. ಅಂಗಡಿಯಲ್ಲಿ ಇಪ್ಪತ್ತೊಂದು ಗೇರಿನ ಆ ನೀಲಿ ಸೈಕಲ್ಲನ್ನು ಕಂಡಾಗ ಅವನ ಕಣ್ಣು ಮೊದಲು ಹೋದದ್ದು ಹಿಂಚಕ್ರದ ಮೇಲೆ. ಅಲ್ಲಿ ಕ್ಯಾರಿಯರ್ ಇರಲಿಲ್ಲ. ಮುಂದೆ ಬುಟ್ಟಿ ಇರಲಿಲ್ಲ. ಒಂದು ಕೊತ್ತಂಬರಿ ಕಟ್ಟನ್ನೂ ಇಡಲು ಜಾಗವಿಲ್ಲದ ವಾಹನವನ್ನು ಮನುಷ್ಯರು ಕಡೆಗೂ ಕಂಡುಹಿಡಿದಿದ್ದಾರಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ಒಂದು ರವಿವಾರ, ಒಬ್ಬನೇ, ಯಾರ ಗಂಟೂ ಇಲ್ಲದೆ, ಎಲ್ಲಿಗಾದರೂ ಹೋಗಿಬರಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಆದರೆ ಸೈಕಲ್ಲು ನಾಲ್ಕು ತಿಂಗಳು ಎಲ್ಲಿಗೂ ಹೋಗಲಿಲ್ಲ. ಹಾಲಿನಲ್ಲಿ, ಟಿವಿಗೂ ಬಾಗಿಲಿಗೂ ನಡುವೆ, ದೂರದ ನೆಂಟನ ಹಾಗೆ ನಿಂತುಕೊಂಡಿತು. ಹೆಂಡತಿ ರೇವತಿ ದಿನಕ್ಕೆ ನಾಲ್ಕು ಸಲ ಪೆಡಲ್ಲಿಗೆ ಕಾಲು ಬಡಿಸಿಕೊಂಡು, "ಗುಜರಿಯಾಂವ ಬರ್ಲಿ, ಕೊಟ್ಟು ಕೈ ತೊಳಕೋತೀನಿ" ಎನ್ನುವಳು. ಗುಜರಿಯವನು ಬರುತ್ತಿರಲಿಲ್ಲ.

ಅಂಥ ರೇವತಿ, ಹೋದ ಗುರುವಾರ ಗಂಡ ಅಳುಕುತ್ತಾ ಚಂದ್ರಂಪಳ್ಳಿ ಡ್ಯಾಮಿನ ತನಕ ಸೈಕಲ್ ಟೂರಿನ ಮಾತು ತೆಗೆದಾಗ, ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ ಒಪ್ಪಿಬಿಟ್ಟಳು.

"ಹೋಗ್ರಿ. ಯಾರು ಬ್ಯಾಡ ಅಂದಾರ? ಆದ್ರ ಚಂದ್ರಂಪಳ್ಳಿ ಗಿಂದ್ರಂಪಳ್ಳಿ ಬ್ಯಾಡ. ಕಮಲಾಪುರಕ್ಕ ಹೋಗ್ರಿ, ನಮ್ಮ ಆನಂದನ ಮನಿಗಿ."

ಆನಂದಕುಮಾರ ಅವಳ ತಮ್ಮ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ.

"ಒಂದ್ ಮಾತು ಕೇಳ್ರಿ," ಎಂದಳು ರೇವತಿ. "ಮಧ್ಯಾಹ್ನ ಒಂದರೊಳಗ, ನಿಮ್ಮ ಕಾಲಿಲೆ ತುಳದು ಮುಟ್ಟಬೇಕು. ಟಂಪೊ ಏರಿದ್ರಿ, ಇಲ್ಲಾ ಅರ್ಧಾ ದಾರಿಯಿಂದ ತಿರುಗಿ ಬಂದ್ರಿ ಅಂದ್ರ, ಸೋಮವಾರ ನಾನೇ ಗುಜರಿಯಾಂವನ ಕರಕೊಂಡ್ ಬರ್ತೀನಿ. ಮುಟ್ಟಿದ್ರ, ಈ ಸೈಕಲ್ಲಿನ ಸುದ್ದಿ ನಾ ಜಲ್ಮಕ್ಕೂ ತಗಿಯಂಗಿಲ್ಲ."

ಸೂರ್ಯಕಾಂತನಿಗೆ ಹೆಂಡತಿಯ ಮೇಲೆ ಹನ್ನೆರಡು ವರ್ಷಗಳಲ್ಲಿ ಬಂದಿರದಷ್ಟು ಪ್ರೀತಿ ಬಂತು. ಮೂವತ್ತೈದು ಚಿಲ್ಲರೆ ಕಿಲೋಮೀಟರು. ಅಷ್ಟು ತುಳಿದರೆ ಸೈಕಲ್ಲು ಉಳಿಯುತ್ತದೆ, ಅದರ ಹಿಂದೆ ಮುಂದಿನ ರವಿವಾರಗಳೆಲ್ಲ ಉಳಿಯುತ್ತವೆ.

ಸುದ್ದಿ ಶನಿವಾರ ಸಂಜೆಯೊಳಗೆ ಓಣಿಗೆ ಮುಟ್ಟಿತು.

ಮೊದಲು ಬಂದವರು ಎದುರು ಮನೆಯ ಚಂದ್ರಾಮಪ್ಪನವರು. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸೈಕಲ್ ತುಳಿದು ಜಿಲ್ಲೆಯನ್ನು ಅಳೆದವರು. ಅವರದು ಪೂರ್ಣ ಭಾರದ ಪಂಥ.

"ಸೂರ್ಯಾ, ಇದೇನೋ ಇದು? ಬೋಳ ಸೈಕಲ್!" ಎಂದರು, ಬೋಳುತಲೆ ಕಂಡ ಕ್ಷೌರಿಕನ ಹಾಗೆ. "ದೇಶದ ಮ್ಯಾಲ ಹೊಂಟಾಂವ ದೇಶಕ್ಕ ಭಾರ ಆಗಬಾರದು. ತನ್ನ ಮನಿ ತಾನೇ ಹೊತ್ತೊಯ್ಬೇಕು. ಬಸವನಹುಳ ನೋಡು."

"ಕಾಕಾ, ಮಧ್ಯಾಹ್ನ ಊಟಕ್ಕ ಮುಟ್ತೀನಲ್ರಿ..."

"ಮುಟ್ಟದಿದ್ರ? ರಾತ್ರಿ ಆದ್ರ? ಹಳ್ಳ ಬಂದ್ರ?" ಚಂದ್ರಾಮಪ್ಪ ಉತ್ತರ ಕಾಯಲಿಲ್ಲ. ತಮ್ಮ ಹಳೆಯ ಸೈಕಲ್ಲಿನಿಂದ ಕ್ಯಾರಿಯರ್ ಬಿಚ್ಚಿ ತಂದು ತಾವೇ ಕೂತು ಬಿಗಿದರು. ಅದರ ಎರಡೂ ಬದಿಗೆ ತಾಡಪತ್ರಿಯ ಜೋಡಿ ಚೀಲ ಇಳಿಬಿಟ್ಟರು. ಒಳಗೆ ಸೀಮೆಎಣ್ಣೆ ಒಲೆ, ಹಗ್ಗ, ಕಂದೀಲು. ಮೇಲೆ ಸುರುಳಿ ಸುತ್ತಿದ ಒಂದು ಡೇರೆ.

ಅವರು ಕೊನೆಯ ನಟ್ಟು ತಿರುಗಿಸುತ್ತಿರುವಾಗ ಸಂಜುಕುಮಾರ ಬಂದ. ಸೇಡಂ ರಸ್ತೆಯಲ್ಲಿ ಜಿಮ್ ಇಟ್ಟಿರುವ ಹುಡುಗ, ತೋಳುಗಳು ತಂಬಿಗೆಯಂತೆ.

"ಅಣ್ಣಾ, ಕ್ಯಾರಿಯರ್ ಅಂದ್ರ ಔಟ್‌ಡೇಟೆಡ್," ಎಂದ. "ಈಗ ಚೀಲ ಸೀದಾ ಫ್ರೇಮಿಗೇ ಕಟ್ತಾರ. ಸೀಟಿನ ಕೆಳಗೊಂದು, ಹ್ಯಾಂಡಲ್ ಮುಂದೊಂದು, ನಡುವಿನ ತ್ರಿಕೋನದಾಗ ಒಂದು. ಕಲ್ಲ ಬರ್ಲಿ, ಕಾಡ ಬರ್ಲಿ, ಅಳ್ಳಾಡಂಗಿಲ್ಲ."

"ಕಮಲಾಪುರಕ್ಕ ಡಾಂಬರ್ ರಸ್ತಾ ಅದಲ್ಲೋ."

"ರಸ್ತಾ ಡಾಂಬರ್ ಇದ್ರೂ ಮೈಂಡ್‌ಸೆಟ್ ಕಚ್ಚಾ ಇರಬೇಕಣ್ಣಾ."

ಚಂದ್ರಾಮಪ್ಪ, "ತ್ರಿಕೋನದಾಗ ಚೀಲ ಇಟ್ರ ಕಾಲು ಎಲ್ಲಿ ಆಡ್ತಾವೋ ತಮ್ಮಾ?" ಎಂದರು. ಸಂಜುಕುಮಾರ, "ಬಸವನಹುಳಕ್ಕ ಕಾಲೇ ಇಲ್ರಿ ಕಾಕಾ" ಎಂದ. ಚಂದ್ರಾಮಪ್ಪ ಎದುರಿಗಿದ್ದ ಚಹಾದ ಕಪ್ಪನ್ನು ಹಾಗೇ ಬಿಟ್ಟು ಮನೆಗೆ ಹೋದರು. ಅವರು ಹೋದ ಮೇಲೆ ಸಂಜುಕುಮಾರ ತನ್ನ ಮೂರು ಚೀಲಗಳನ್ನೂ ಕಟ್ಟಿದ. ಜೊತೆಗೆ, ಕೂತಲ್ಲಿ ನೋಯಬಾರದೆಂದು, ಹಿಂದೆ ದಿಂಬು ಹೊಲಿದ ಒಂದು ಬಿಗಿ ಚಡ್ಡಿ ಕೊಟ್ಟ. ರೇವತಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, "ಇದನ್ನ ಹಾಕ್ಕೊಂಡು ಜನರ ನಡುವ ಹೋಗ್ತೀರೇನ್ರಿ?" ಎಂದು ಕೇಳಿ, ಏನೋ ಯೋಚಿಸುತ್ತ ಒಳಗೆ ಹೋದಳು.

ಮೂರನೆಯ ಪಂಥದ ಅಕ್ರಮ್ ಫೋನು ಮಾಡಿದ. ಖೂಬಾ ಪ್ಲಾಟಿನಲ್ಲಿ ಮನೆ, ಸೂರ್ಯಕಾಂತನ ಕಚೇರಿಯಲ್ಲೇ ಪಕ್ಕದ ಮೇಜು. ಅವನದು ಹಗುರ ಪಂಥ.

"ಸೂರಿಭಾಯ್, ನನ್ನ ಮಾತು ಕೇಳ್ರಿ. ಏನೂ ಒಯ್ಬ್ಯಾಡ್ರಿ. ಏನೂ ಅಂದ್ರ ಏನೂ. ಜೇಬಿನ್ಯಾಗ ಒಂದು ಕಾರ್ಡು, ಒಂದು ಫೋನು. ಹಸಿವಾದ್ರ ಹೋಟೆಲ್, ನಿದ್ದಿ ಬಂದ್ರ ಲಾಜು. ಹಗುರ ಹೋಗೋ ಮಂದಿ ಹಲ್ಲುಜ್ಜೋ ಬ್ರಷ್ಷಿನ ಹಿಡಿ ಸೈತ ಅರ್ಧಾ ಮುರೀತಾರ. ವಜ್ಜಾ ಅಂದ್ರ ದುಶ್ಮನ್! ನಾಣ್ಯ ಗೀಣ್ಯ ಇದ್ರ ತಗದು ಮನ್ಯಾಗ ಇಡ್ರಿ."

ಸೂರ್ಯಕಾಂತನ ಮನಸ್ಸು ಅಕ್ರಮನ ಕಡೆ ಇತ್ತು. ಆದರೆ 'ಇಲ್ಲ' ಎನ್ನಲಾರದವನು ಮೂರೂ ಪಂಥಕ್ಕೆ ಏಕಕಾಲಕ್ಕೆ ಸೇರಿದ. ಕ್ಯಾರಿಯರ್ ಉಳಿಯಿತು, ಮೂರು ಚೀಲವೂ ಉಳಿದವು, ಜೇಬಿನ ಹಣ ಮಾತ್ರ ಹೊರಗೆ ಹೋಯಿತು.

ರವಿವಾರ ಬೆಳಗಿನ ಐದೂವರೆಗೆ ಹೊರಡುವ ಯೋಜನೆಯಿತ್ತು. ಎದ್ದು ನೋಡಿದರೆ ಗಾಳಿ ಹೊಡೆಯುವ ಪಂಪು ಕಾಣಲಿಲ್ಲ. ಸೋಫಾ ಕೆಳಗೆ ಇಲ್ಲ, ಟಿವಿ ಹಿಂದೆ ಇಲ್ಲ.

"ಎಲ್ಲಿ ಹೋಗ್ತದ್ರಿ, ಇಲ್ಲೇ ಎಲ್ಲೋ ಇರ್ತದ. ನೀವು ಹೊರಡ್ರಿ, ಹೊತ್ತಾಗ್ತದ," ಎಂದಳು ರೇವತಿ.

ಬಾಗಿಲು ತೆರೆದರೆ ಓಣಿ ನೆರೆದಿತ್ತು. ಮೊದಲ ಸಾಲಿನಲ್ಲಿ ಹಣಮಮ್ಮ. ಎಪ್ಪತ್ತು ವರ್ಷದ ಮುದುಕಿ, ಓಣಿಗೆಲ್ಲ ಅಜ್ಜಿ. ಬಗಲಲ್ಲಿ ಒಂದು ಬುಟ್ಟಿ, ತಲೆಯ ಮೇಲೆ ಬಿಳಿ ಬಟ್ಟೆಯ ಗಂಟು.

"ಯಪ್ಪಾ ಸೂರ್ಯಕಾಂತಾ, ಕಮಲಾಪುರಕ್ಕ ಹೊಂಟೀಯಂತ. ಹ್ಯಾಂಗೂ ಹೊಂಟೀದಿ, ನನ್ನ ಮಗಳ ಮನಿಗಿ ನಾಕು ರೊಟ್ಟಿ ಕೊಟ್ಟು ಬಿಡಪ್ಪಾ."

ನಾಕು ರೊಟ್ಟಿ ಎಂದರೆ ನಲವತ್ತು ಒಣ ಕಟಿ ರೊಟ್ಟಿ. ಅವು ಒಡೆಯಬಾರದು. ಅಜ್ಜಿ ಚೀಲದಿಂದ ಸೀಮೆಎಣ್ಣೆ ಒಲೆಯನ್ನು ತೆಗೆದು ಕಟ್ಟೆಯ ಮೇಲಿಟ್ಟು, ಆ ಜಾಗದಲ್ಲಿ ಗಂಟನ್ನು ಹಸುಗೂಸಿನಂತೆ ಮಲಗಿಸಿದಳು. ದಾರಿ ತೆರೆಯಿತು. ಕಂದೀಲು ಹೋಗಿ ದರ್ಜಿ ಕೊಟ್ಟ ಏಳು ಜಂಪರಿನ ಕಟ್ಟು ಬಂತು. ಹಗ್ಗ ಹೋಗಿ ಮಿಕ್ಸಿಯ ಜಾರು ಬಂತು. ಸಂಜುಕುಮಾರನ ಹ್ಯಾಂಡಲ್ ಚೀಲದಲ್ಲಿ ಯಾರದೋ ಮಾವನ ಮೊಣಕಾಲಿನ ಎಕ್ಸ್‌ರೇ ಸುರುಳಿಯಾಗಿ ಕೂತಿತು. ಸಂಜುಕುಮಾರನೇ ಮುಂದೆ ನಿಂತು, "ಅಳ್ಳಾಡಂಗಿಲ್ರಿ, ಎಷ್ಟಾದ್ರೂ ಹಾಕ್ರಿ" ಎಂದು ತನ್ನ ಚೀಲದ ಗುಣವನ್ನು ಓಣಿಗೆ ವಿವರಿಸಿದ. ಕ್ಯಾರಿಯರ್ ಪರ ಒಮ್ಮೆಲೇ ಇಡೀ ಗಾಜಿಪುರ ನಿಂತದ್ದನ್ನು ಕಂಡು ಚಂದ್ರಾಮಪ್ಪನವರು ಕಣ್ಣೊರೆಸಿಕೊಂಡರು.

ಆಗ ಸ್ಕೂಟರ್ ಮೇಲೆ ಅಕ್ರಮ್ ಬಂದ. ಸೈಕಲ್ ನೋಡಿ ಹಣೆ ಬಡಿದುಕೊಂಡ.

"ಅರೇ ಸೂರಿಭಾಯ್! ನೀವು ಟೂರ್ ಹೊಂಟೀರೋ, ಮನಿ ಖಾಲಿ ಮಾಡ್ಲತ್ತೀರೋ? ನಾ ಏನು ಹೇಳಿದ್ದೆ? ವಜ್ಜಾ ದುಶ್ಮನ್!"

"ನೋಡ್ರಿ ಅಕ್ರಮ್ ಭಾಯ್, ನೀವಾದ್ರೂ ಹೇಳ್ರಿ ಇವರಿಗಿ," ಎಂದ ಸೂರ್ಯಕಾಂತ, ಮುಳುಗುವವನಿಗೆ ದೋಣಿ ಕಂಡಂತೆ.

"ಹೇಳ್ತೀನಿ, ಹೇಳ್ತೀನಿ." ಅಕ್ರಮ್ ಜರಾ ಕೆಮ್ಮಿದ. ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟಿದ್ದ ಒಂದು ಚೀಲ ಎತ್ತಿದ. "ಆದ್ರ ನೋಡ್ರಿ, ನಮ್ಮ ತಂಗಿ ಅಫ್ಶೀನ್‌ಗ ಕಮಲಾಪುರಕ್ಕ ಕೊಟ್ಟೀವಲ್ಲ. ಈದಿಗಿ ಬಂದಾಕಿ ಕುಕ್ಕರ್ ಇಲ್ಲೇ ಬಿಟ್ಟು ಹೋಗ್ಯಾಳ. ಹ್ಯಾಂಗೂ ಹೊಂಟೀರಿ..."

ಐದು ಲೀಟರಿನ ಕುಕ್ಕರು. ಹಲ್ಲಿನ ಬ್ರಷ್ಷಿನ ಹಿಡಿ ಮುರಿಯುವ ಪಂಥದವನು ಅದನ್ನು ತಾನೇ ಹ್ಯಾಂಡಲ್ಲಿಗೆ ಕಟ್ಟಿದ.

ಕೊನೆಗೆ ರೇವತಿ ಬಂದಳು, ಹಳೆಯ ಚಾದರದಲ್ಲಿ ಬಿಗಿದ ದೊಡ್ಡ ಗಂಟು ಹಿಡಿದು. "ಇದು ನಮ್ಮ ಆನಂದಗ. ದಾರ್ಯಾಗ ಬಿಚ್ಚಬ್ಯಾಡ್ರಿ. ಅವನ ಕೈಯಾಗೇ ಕೊಡ್ರಿ." ಡೇರೆಯ ಮೇಲೆ ಅದನ್ನಿಟ್ಟು ಕಟ್ಟಿದರು. ಸೈಕಲ್ಲು ಒಮ್ಮೆ ನರಳಿತು.

ಆರೂ ಐವತ್ತಕ್ಕೆ ಸೂರ್ಯಕಾಂತ ಬಿಗಿ ಚಡ್ಡಿಯಲ್ಲಿ ಸೀಟು ಏರಿದ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನಿಂದ ಕೂಗು.

"ನಿಲ್ಲಪ್ಪಾ! ಹ್ಯಾಂಗೂ ಹುಮನಾಬಾದ್ ರಸ್ತಾಕ್ಕೇ ಹೊಂಟೀದಿ, ನನ್ನ ಜರಾ ರಿಂಗ್ ರೋಡಿನ ತನಕ ಬಿಡು. ಬದನಿಕಾಯಿ ತರೋದದ."

ಹಣಮಮ್ಮ ಅವನ ಉತ್ತರ ಬರುವುದರೊಳಗೆ ಗಂಟಿನ ಮೇಲೆ ಏರಿ ಕೂತಾಗಿತ್ತು, ದಸರೆಯ ಅಂಬಾರಿಯಲ್ಲಿ ಕೂತ ಹಾಗೆ. ಸೂರ್ಯಕಾಂತ ಇಳಿದು ತಳ್ಳಿದ. ದಾರಿಯುದ್ದಕ್ಕೂ ಅಜ್ಜಿ ಪರಿಚಯದವರಿಗೆಲ್ಲ ಕೈ ಮಾಡಿ, "ಟೂರ್ ಹೊಂಟೀವಿ" ಎಂದಳು. ರಿಂಗ್ ರೋಡಿನಲ್ಲಿ ಇಳಿದವಳು, "ಪುಣ್ಯಾತ್ಮ, ಗಾಡಿ ಚಲೋ ಅದ, ಆದ್ರ ಕುಂಡ್ರಲಾಕ ಒಳಗ ಏನೋ ಚುಚ್ತದ ನೋಡು" ಎಂದು ದೂರು ಹೇಳಿ ಹೋದಳು. ಆಗ ಗಂಟೆ ಏಳೂವರೆ. ಒಂದೂವರೆ ಕಿಲೋಮೀಟರು ಮುಗಿದಿತ್ತು.

ಕಪನೂರಿನ ಕಾರ್ಖಾನೆಗಳು ಹಿಂದೆ ಸರಿದ ಮೇಲೆ ರಸ್ತೆ ಖಾಲಿಯಾಯಿತು. ಎರಡೂ ಬದಿಗೆ ಕರಿ ಹೊಲ, ತೊಗರಿ, ಮೇಲೆ ತೆಳು ಮೋಡ. ಇದೇ ಅವನು ನಾಲ್ಕು ತಿಂಗಳು ಕನಸು ಕಂಡ ರವಿವಾರ. ಆದರೆ ಕನಸಿನಲ್ಲಿ ಸದ್ದಿರಲಿಲ್ಲ. ಇಲ್ಲಿ ಕುಕ್ಕರಿನ ಮುಚ್ಚಳ ಕುಕ್ಕರಿಗೆ ಬಡಿದು ಗಂಟೆ ಬಾರಿಸುತ್ತಿತ್ತು, ಮಿಕ್ಸಿಯ ಜಾರು ತಾಳ ಹಾಕುತ್ತಿತ್ತು. ಪ್ರತಿ ಊರಿನ ನಾಯಿಯೂ ಈ ಭಜನಾ ಮೇಳವನ್ನು ತನ್ನ ಗಡಿಯವರೆಗೆ ಕಳಿಸಿಕೊಟ್ಟು ಮುಂದಿನ ಊರಿನ ನಾಯಿಗೆ ಒಪ್ಪಿಸಿತು. ತ್ರಿಕೋನದ ಚೀಲಕ್ಕೆ ಮೊಣಕಾಲು ಬಡಿದೂ ಬಡಿದೂ, ಮುಂದಿನ ಚೀಲದಲ್ಲಿರುವುದು ತನ್ನದೇ ಎಕ್ಸ್‌ರೇ ಇರಬಹುದೆಂಬ ಅನುಮಾನ ಅವನಿಗೆ ಹುಟ್ಟಿತು.

ಹತ್ತು ಗಂಟೆಗೆ ಅವರಾದದ ಹತ್ತಿರ ಒಂದು ಚಹಾದ ಗುಡಿಸಲು ಕಂಡಿತು. ಎರಡು ಕಪ್ಪು ಚಹಾ, ಒಂದು ತಟ್ಟೆ ಚುರುಮುರಿ ಸೂಸ್ಲಾ ಹೊಟ್ಟೆಗೆ ಬಿದ್ದ ಮೇಲೆ ಸೂರ್ಯಕಾಂತ ಗತ್ತಿನಿಂದ ಅಕ್ರಮನ ಪಂಥದ ಪ್ರಕಾರ ಕಾರ್ಡು ತೆಗೆದ.

ಗುಡಿಸಲಿನ ಹೆಂಗಸು ಅದನ್ನು ತಿರುಗಿಸಿ ನೋಡಿದಳು. "ರೇಷನ್ ಕಾರ್ಡೇನ್ರಿ?"

ಫೋನು ತೆಗೆದ. ನೆಟ್‌ವರ್ಕ್ ಇರಲಿಲ್ಲ. ನಾಣ್ಯವಂತೂ ದುಶ್ಮನ್, ಮನೆಯಲ್ಲಿತ್ತು.

ಅವನು ಬೆವರುವುದನ್ನು ಕಂಡು ಹೆಂಗಸಿಗೆ ಕರುಣೆ ಬಂತು. ಹೊರಗೆ ಬಂದು ಸೈಕಲ್ಲನ್ನು ಸುತ್ತು ಹಾಕಿದಳು. ಕುಕ್ಕರ್ ನೋಡಿದಳು. ಜಾರು ನೋಡಿದಳು. ಜಂಪರಿನ ಕಟ್ಟು ನೋಡಿದಳು. ಮುಖ ಅರಳಿತು.

"ಮೊದಲೇ ಹೇಳಬಾರದೇನೋ ಅಣ್ಣಾ! ಹಳೇ ಬಟ್ಟಿಗಿ ಪಾತ್ರಿ ಕೊಡಾಂವೇನು? ಕುಕ್ಕರಿಗಿ ಎಷ್ಟು ಸೀರಿ?"

"ಅಲ್ಲಕ್ಕಾ, ನಾ ಗೌರ್ಮೆಂಟ್ ನೌಕರ..."

"ಹಾಂ, ಗೌರ್ಮೆಂಟ್ ನೌಕರ ಇಂಥಾ ಚಡ್ಡಿ ಹಾಕ್ಕೊಂಡು ಬರ್ತಾನ!" ಎಂದು ಅವಳು ಒಳಗೆ ಹೋಗಿ ಮೂರು ಸೀರೆ ತಂದಳು. ಒಂದಕ್ಕೆ ಜರಿಯಂಚಿತ್ತು, ಇನ್ನೆರಡಕ್ಕೆ ತೂತುಗಳಿದ್ದವು. ಕುಕ್ಕರ್ ಅಫ್ಶೀನಳದು, ಕೊಡುವಂತಿಲ್ಲ. 'ಇಲ್ಲ' ಎನ್ನುವುದೂ ಆಗುವುದಿಲ್ಲ. ಹತ್ತು ನಿಮಿಷ ಚೌಕಾಶಿ ನಡೆಯಿತು, ಮಾತಾಡಿದ್ದು ಪೂರಾ ಅವಳೊಬ್ಬಳೇ. ಕಡೆಗೆ ಅವಳ ಕಣ್ಣು ಡೇರೆಯ ಮೇಲೆ ಬಿತ್ತು, ಆಮೇಲೆ ಸೋರುವ ತನ್ನ ಗುಡಿಸಲಿನ ಮೇಲೆ ಬಿತ್ತು. ಚಂದ್ರಾಮಪ್ಪನವರ ಡೇರೆ ಅವರಾದದಲ್ಲಿ ಉಳಿಯಿತು. ಒಂದು ನಾಷ್ಟಾಕ್ಕೆ ಇಷ್ಟು ದೊಡ್ಡ ತಾಡಪತ್ರಿ ಜಾಸ್ತಿ ಎಂದು ಆ ನ್ಯಾಯವಂತೆ ಒಂದು ತೂತಿನ ಸೀರೆಯನ್ನು ಚಿಲ್ಲರೆಯಾಗಿ ವಾಪಸು ಕೊಟ್ಟಳು. ಸೂರ್ಯಕಾಂತ ಅದನ್ನು ಮಡಚಿ ಸೀಟಿನ ಮೇಲೆ ಹಾಸಿಕೊಂಡ. ಸಂಜುಕುಮಾರನ ಚಡ್ಡಿಯ ದಿಂಬು ಆ ಹೊತ್ತಿಗೆ ಕೈಬಿಟ್ಟಿತ್ತು.

ಹನ್ನೊಂದೂಕಾಲು. ಮಹಾಗಾಂವ ಕ್ರಾಸಿಗೆ ಇನ್ನೂ ಎರಡು ಕಿಲೋಮೀಟರ್ ಇರುವಾಗ ಹಿಂಚಕ್ರ ಉಸ್ಸೆಂದಿತು.

ಅವನು ಹೆದರಲಿಲ್ಲ. ಸಂಜುಕುಮಾರನ ಸೀಟಿನ ಚೀಲದಲ್ಲಿ ಪಂಚರ್ ಹಚ್ಚುವ ಸಾಮಾನಿತ್ತು. ಮೊಬೈಲಿನಲ್ಲಿ ನೋಡಿ ಕಲಿತಂತೆ ಟ್ಯೂಬು ತೆಗೆದ, ತೂತು ಹುಡುಕಿದ, ತೇಪೆ ಹಚ್ಚಿದ, ಟೈರು ಏರಿಸಿದ. ಜೀವನದಲ್ಲಿ ಮೊದಲ ಸಲ ತನ್ನ ಕೈಯಿಂದ ಒಂದು ಕೆಲಸ ಪೂರ್ತಿಯಾದದ್ದನ್ನು ಕಣ್ತುಂಬ ನೋಡಿದ. ಆಮೇಲೆ ಪಂಪು ಇಲ್ಲ ಎನ್ನುವುದು ನೆನಪಾಯಿತು.

ಬೇವಿನ ನೆರಳಿನಲ್ಲಿ ರೇವತಿಯ ಗಂಟನ್ನು ಕೆಳಗಿಟ್ಟು ಅದಕ್ಕೇ ಒರಗಿ ಕೂತ. ಒಳಗಿನಿಂದ ಕೊಳವೆಯಂಥದ್ದೇನೋ ಬೆನ್ನಿಗೆ ಒತ್ತುತ್ತಿತ್ತು. ತಮ್ಮನ ಮನೆಗೆ ಲಟ್ಟಣಿಗೆ ಕಳಿಸುತ್ತಾಳೆ, ಗಂಡನ ಸೈಕಲ್ಲಿನ ಪಂಪು ಹುಡುಕಿ ಕೊಡುವುದಿಲ್ಲ ಎಂದುಕೊಂಡ.

ಕಮಲಾಪುರದ ಕಡೆಯಿಂದ ಬಾಳೆಗೊನೆ ಹೇರಿದ ಪಿಕಪ್ ಒಂದು ಬಂದು ನಿಂತಿತು. ಚಾಲಕ ತಲೆ ಹೊರಗೆ ಹಾಕಿದ. ದೌಲಪ್ಪ ಅಂತ ಹೆಸರು, ಊರು ಕಮಲಾಪುರ, ದಿನಾ ಕಲಬುರಗಿ ಮಾರ್ಕೆಟ್ಟಿಗೆ ಹಣ್ಣು ಒಯ್ಯುವವನು.

"ಪಂಚರ್ ಏನ್ರಿ ಸಾಹೇಬ್ರ? ಎಲ್ಲಿ ಆತು ಮನಿ? ಗಾಜಿಪುರ? ಏರ್ರಿ, ಸೈಕಲ್ ಗೊನಿ ಮ್ಯಾಲ ಒಗೀರಿ. ಅರ್ಧಾ ತಾಸಿನ್ಯಾಗ ಮನಿ ಮುಂದ ಇಳಸ್ತೀನಿ."

ಸೂರ್ಯಕಾಂತ ಪಿಕಪ್ಪಿನ ಸೀಟು ನೋಡಿದ. ಅದರ ಮೇಲೆ ಮೆತ್ತನೆಯ ಹಾಸಿತ್ತು. ಕಾಲು ಹೌದು ಎಂದವು, ಬೆನ್ನು ಹೌದು ಎಂದಿತು, ಕೂರುವ ಭಾಗವಂತೂ ಗೋಗರೆಯಿತು. ಆದರೆ ಕಣ್ಣ ಮುಂದೆ ಹಾಲಿನಲ್ಲಿ ನಿಂತ ನೀಲಿ ಸೈಕಲ್ಲು, ಬಾಗಿಲಲ್ಲಿ ನಿಂತ ಗುಜರಿಯವನು. ಸೂರ್ಯಕಾಂತ ಎದ್ದು ನಿಂತ. ನಲವತ್ತೆಂಟು ವರ್ಷಗಳಲ್ಲಿ ಯಾರಿಗೂ ಕೇಳಿಸಿರದ ಶಬ್ದ ಅವನ ಬಾಯಿಂದ ಬಂತು.

"ಇಲ್ಲ."

"ಯಾಕ್ರೀ?"

"ಇಲ್ಲ. ನಾ ತಿರುಗಿ ಹೋಗಂಗಿಲ್ಲ. ಕಮಲಾಪುರಕ್ಕೇ ಹೋಗ್ತೀನಿ."

ದೌಲಪ್ಪನಿಗೆ ಅಭಿಮಾನ ಉಕ್ಕಿತು. "ಶಾಬಾಸ್! ಗಂಡಸು ಅಂದ್ರ ಹಿಂಗಿರಬೇಕು. ಕ್ರಾಸಿನ್ಯಾಗ ಪಂಚರ್ ಅಂಗಡಿ ಅದ, ಗಾಳಿ ಹಾಕ್ತಾನ." ಗೇರು ಹಾಕಿದವನು ಮತ್ತೆ ನಿಲ್ಲಿಸಿದ. ಸೀಟಿನ ಹಿಂದಿನಿಂದ ನಾಲ್ಕು ಅಂತಸ್ತಿನ ಊಟದ ಡಬ್ಬಿಯೊಂದನ್ನು ಎಳೆದ. "ಹ್ಯಾಂಗೂ ಕಮಲಾಪುರಕ್ಕ ಹೊಂಟೀರಿ, ಈ ಖಾಲಿ ಡಬ್ಬಿ ನಮ್ಮ ಮನ್ಯಾಗ ಕೊಟ್ಟು ಬಿಡ್ರಿ. ಬಸ್‌ಸ್ಟ್ಯಾಂಡ್ ಹಿಂದ, ಹಸಿರು ಬಾಗಲ."

ಒಂದು ದಿನಕ್ಕೆ ಒಂದು 'ಇಲ್ಲ' ಸಾಕು. ಸೂರ್ಯಕಾಂತ ಡಬ್ಬಿ ತೆಗೆದುಕೊಂಡ.

ಎರಡು ಕಿಲೋಮೀಟರು ತಳ್ಳಿ, ಗಾಳಿ ಹಾಕಿಸಿ, ಅಲ್ಲಿ ದೇವರ ದಯೆಯಿಂದ ಫೋನು ನಡೆದು ದುಡ್ಡು ಕೊಟ್ಟು, ಮತ್ತೆ ಏರಿದ. ಮುಂದಿನ ದಾರಿ ಅವನಿಗೆ ಸರಿಯಾಗಿ ನೆನಪಿಲ್ಲ. ಬಿ.ಪಿ. ಇಲ್ಲದ ಮನುಷ್ಯನ ಕಿವಿಯಲ್ಲೂ ಡೊಳ್ಳು ಬಾರಿಸುತ್ತಿತ್ತು. ಏರಿನಲ್ಲಿ ಒಂದು ಎಮ್ಮೆ ಅವನನ್ನು ಹಿಂದೆ ಹಾಕಿ ಹೋಯಿತು. ಆದರೂ ತುಳಿದ. ಹನ್ನೆರಡೂ ಐವತ್ತೆರಡಕ್ಕೆ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಡಬ್ಬಿ ಹಿಡಿದು, ಕಮಲಾಪುರದ ಆನಂದಕುಮಾರನ ಅಂಗಳಕ್ಕೆ ಬಂದು, ಇಳಿಯುವುದನ್ನು ಮರೆತು ಹಾಗೇ ಬಾಳೆಗಿಡಕ್ಕೆ ಒರಗಿದ.

"ಮಾಮಾ ಬಂದ್ರು! ಅಪ್ಪಾ, ಮಾಮಾ ಬಂದ್ರು! ಖರೇನೇ ತುಳಕೊಂತ ಬಂದ್ರು!"

ಕೂಗಿದವಳು ಆನಂದಕುಮಾರನ ಮಗಳು ರಾಧಿಕಾ. ಹೋದ ತಿಂಗಳಷ್ಟೇ ನಾಲ್ಕು ಕಿಲೋಮೀಟರ್ ಆಚೆಯ ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದಳು. ಅವಳ ಕೈಯಲ್ಲಿ ಆರತಿ ತಟ್ಟೆಯಿತ್ತು. ಮೊದಲು ಸೈಕಲ್ಲಿಗೆ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಚೆಂಡು ಹೂವಿನ ಸರ ಹಾಕಿ, ಚಕ್ರದ ಮುಂದೆ ತೆಂಗಿನಕಾಯಿ ಒಡೆದಳು. ಆಮೇಲೆ ಉಳಿದ ಕುಂಕುಮವನ್ನು ಮಾಮಾನ ಹಣೆಗೆ ಹಚ್ಚಿದಳು. ಗೆದ್ದವನ ಗಾಡಿಗೂ ಇಷ್ಟು ಮರ್ಯಾದೆ ಮಾಡುವ ಊರು ಇದೊಂದೇ ಇರಬೇಕು ಎಂದುಕೊಂಡ ಸೂರ್ಯಕಾಂತ.

ಊಟ ಭರ್ಜರಿಯಾಗಿತ್ತು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕೆಂಪು ಬಾಳೆಹಣ್ಣಿನ ಸೀಕರಣೆ. ಎಂಟನೆಯ ಹೋಳಿಗೆಯ ನಡುವೆ ರೇವತಿಯ ಫೋನು ಬಂತು.

"ಮುಟ್ಟಿದ್ರಿ?"

"ಹನ್ನೆರಡೂ ಐವತ್ತೆರಡು!" ಎಂದ ಸೂರ್ಯಕಾಂತ. "ಬೇಕಾದ್ರ ಆನಂದನ ಕೇಳು. ಪಂಚರಾದ್ರೂ ಗಾಡಿ ಏರಲಿಲ್ಲ."

"ಶಾಬಾಸ್ ರೀ. ನಾ ಕೊಟ್ಟ ಮಾತು ಮಾತೇ. ಇನ್ನ ಆ ಸೈಕಲ್ಲಿನ ಸುದ್ದಿ ತಗಿಯಂಗಿಲ್ಲ. ಗಂಟು ಬಿಚ್ಚಿಸ್ರಿ."

ಆನಂದಕುಮಾರ ಕೈ ತೊಳೆದು ಬಂದು ಗಂಟು ಬಿಚ್ಚಿದ. ಮೊದಲು ಉರುಳಿದ್ದು ಗಾಳಿ ಹೊಡೆಯುವ ಪಂಪು. ಅದರ ಹಿಂದೆ ಸೈಕಲ್ಲಿನ ಸ್ಟ್ಯಾಂಡು, ಮಳೆಯ ಹೊದಿಕೆ, ಬೀಗದ ಎರಡನೆಯ ಕೀಲಿ, ಎಣ್ಣೆಯ ಡಬ್ಬಿ, ಅಂಗಡಿಯ ರಸೀದಿ. ಎಲ್ಲದರ ಕೆಳಗೆ, ಇಸ್ತ್ರಿ ಮಾಡಿ ಮಡಚಿದ ಸೂರ್ಯಕಾಂತನದೇ ಒಂದು ಪ್ಯಾಂಟು, ಒಂದು ಶರ್ಟು.

"ಅಯ್ಯಾ, ಪಂಪ್ ಸೈತ ಕಳಿಸ್ಯಾಳ ಅತ್ತಿ!" ರಾಧಿಕಾ ಕುಣಿದಳು. "ನಾಳಿಂದ ಸಾಲಿಗಿ ನಡಕೊಂತ ಹೋಗೋದು ತಪ್ಪಿತು. ಮಾಮಾ, ನೀವು ನನಗ ಸೈಕಲ್ ಕೊಡ್ಲಾಕ ಇಷ್ಟು ದೂರ, ಈ ಬಿಸಲಾಗ..." ಎನ್ನುತ್ತ ಬಗ್ಗಿ ಅವನ ಕಾಲಿಗೆ ನಮಸ್ಕರಿಸಿದಳು.

ಸೂರ್ಯಕಾಂತನ ಬಾಯಿಯಲ್ಲಿ ಹೋಳಿಗೆ ನಿಂತಿತು.

"ಸೈಕಲ್ ತರ್ಲಾಕ ನಾ ಅಂತೂ ಟಂಪೊ ಕಳಸ್ತೀನಿ ಅಂದಿದ್ದೆ ಮಾಮಾ," ಎಂದ ಆನಂದಕುಮಾರ, ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತ. "ಅಕ್ಕನೇ ಬ್ಯಾಡ ಅಂದ್ಲು. ಟಂಪೊ ಯಾಕೋ, ಅವರು ಹ್ಯಾಂಗೂ ಹೊಂಟಾರ ಅಂದ್ಲು."

ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು. ರೇವತಿ ಒಳಗಿನಿಂದ ಹೇಳುತ್ತಿದ್ದಳು: "ಪ್ಯಾಂಟ್ ಇಟ್ಟೀನಿ ನೋಡ್ರಿ. ಬಸ್ಸಿನ್ಯಾಗ ಆ ಚಡ್ಡಿ ಮ್ಯಾಲ ಬರಬ್ಯಾಡ್ರಿ ಮತ್ತ."

ಸೂರ್ಯಕಾಂತ ರಾಧಿಕಾಳ ಮುಖ ನೋಡಿದ. ಮಹಾಗಾಂವ ಕ್ರಾಸಿನ ಹತ್ತಿರ ಖರ್ಚಾದ ಶಬ್ದಕ್ಕಾಗಿ ಬಾಯಿಯಲ್ಲಿ ಹುಡುಕಿದ. ಸಿಗಲಿಲ್ಲ. ಆ ಪಿಕಪ್ ಏರಿದ್ದರೆ ಈ ಹೊತ್ತಿಗೆ ಸೈಕಲ್ಲು ಗಾಜಿಪುರದ ಹಾಲಿನಲ್ಲಿ ನಿಂತಿರುತ್ತಿತ್ತು. ಗುಜರಿಯವನು ಎಂದಿನಂತೆ ಬರುತ್ತಲೂ ಇರಲಿಲ್ಲ.

"ಚಲೋ ಇಟ್ಕೋ ಯವ್ವಾ," ಎಂದ.

ರೊಟ್ಟಿ, ಜಂಪರು, ಕುಕ್ಕರು, ಜಾರು, ಎಕ್ಸ್‌ರೇ, ದೌಲಪ್ಪನ ಡಬ್ಬಿ ಎಲ್ಲವನ್ನೂ ರಾಧಿಕಾಳೇ ಊರಿನಲ್ಲಿ ಹಂಚಿ ಬಂದಳು. ನಲವತ್ತರಲ್ಲಿ ಮೂವತ್ತೊಂದು ರೊಟ್ಟಿ ಇಡಿಯಾಗಿದ್ದವು. ವಾಪಸು ಬಂದ ಮೇಲೆ ಸಂಜುಕುಮಾರನ ಮೂರು ಚೀಲ ಬಿಚ್ಚಿ ಮಾಮಾನ ಕೈಗೆ ಕೊಟ್ಟಳು, ಚಂದ್ರಾಮಪ್ಪನವರ ಕ್ಯಾರಿಯರ್ ಮಾತ್ರ ಇರಲಿ ಎಂದಳು. ಶಾಲೆಗೆ ಹೋಗುವ ದಾರಿಯಲ್ಲಿ ಮೂರು ಮನೆಯವರು ಆಗಲೇ ಏನೇನೋ ಮುಟ್ಟಿಸಲು ಹೇಳಿಟ್ಟಿದ್ದರಂತೆ.

ಸೂರ್ಯಕಾಂತ ಪ್ಯಾಂಟು ಹಾಕಿಕೊಂಡು ನಾಲ್ಕೂವರೆಯ ಬಸ್ಸಿಗೆ ಕಲಬುರಗಿಗೆ ಹೊರಟ. ಮಡಿಲಲ್ಲಿ ಒಂದು ಕೆಂಪು ಬಾಳೆಗೊನೆ ಇತ್ತು. ಅದು ಅವನದಲ್ಲ, ಸೇಡಂ ರಸ್ತೆಯ ಯಾರಿಗೋ ಮುಟ್ಟಿಸಬೇಕಾದದ್ದು.